ಹಳೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಅಳಿಸದೆ ವಾಪಸ್ ಕೊಡುವ ಬಗ್ಗೆ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಮಂಡ್ಯ ಮಳಿಗೆಯಲ್ಲಿ ಫೈಲ್ ವರ್ಗಾವಣೆಯಲ್ಲಾದ ಎಡವಟ್ಟು

ಮಾನ್ಯರೇ,

ಮೊದಲು ತುರ್ತಿನ ಮಾತು. ಎಕ್ಸ್‌ಚೇಂಜ್‌ಗೆ ಕೊಟ್ಟ ನನ್ನ ಹಳೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಮಾರಬೇಡಿ. ಯಾಕೆಂದು ಮುಂದೆ ಬರೆದಿದ್ದೇನೆ.

ಮಂಡ್ಯದಲ್ಲಿ ಹನ್ನೊಂದು ವರ್ಷದಿಂದ ಟೈಪಿಂಗ್, ಡಿಟಿಪಿ ಕೆಲಸ ಮಾಡಿಕೊಂಡಿದ್ದೇನೆ. ಭಾಗಪತ್ರ, ಕ್ರಯಪತ್ರದ ಕರಡು, ಅಫಿಡವಿಟ್ಟು, ಸೀಸನ್ನಿನಲ್ಲಿ ಲಗ್ನಪತ್ರಿಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನನ್ನ ಹಳೆ ಮೆಷೀನಿನಲ್ಲಿ ವಿಂಡೋಸ್ 11 ಓಡುವುದಿಲ್ಲ. ಹಾಗಾಗಿ ಹೊಸದು ಕೊಂಡೆ, ಫೈಲುಗಳನ್ನು ಸಾಗಿಸಿಕೊಡಲು ಬೇರೆಯಾಗಿ 1,200 ರೂಪಾಯಿ ಕಟ್ಟಿದೆ. ಶನಿವಾರ ಸಂಜೆ ನಿಮ್ಮ ಹುಡುಗ "ಎಲ್ಲಾ ಬಂದಿದೆ ಮೇಡಂ" ಎಂದ. ನಂಬಿದೆ.

ಸೋಮವಾರ ಬೆಳಿಗ್ಗೆ ದುದ್ದ ಕಡೆಯ ರೈತರೊಬ್ಬರು ಭಾಗಪತ್ರದ ಪ್ರಿಂಟಿಗೆ ಬಂದರು. ಫೈಲ್ ತೆರೆದರೆ ಪರದೆ ತುಂಬಾ ತಲೆ ಮೇಲೆ ಚುಕ್ಕೆ, ಕೊಂಕು ಹೊತ್ತ ಇಂಗ್ಲಿಷ್ ಅಕ್ಷರಗಳು. ಅವರು ಬಗ್ಗಿ ನೋಡಿ, "ಇದ್ಯಾವ ಬಾಸೆ ಅಕ್ಕ? ನಮ್ಮಪ್ಪನ ಹೆಸ್ರೇ ಇಲ್ವಲ್ಲ ಇದ್ರಲ್ಲಿ" ಅಂದರು. ಮಳಿಗೆಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: ಫೈಲ್ ಕರಪ್ಟ್ ಆಗಿವೆ, ರಿಕವರಿಗೆ 6,500 ಆಗುತ್ತದೆ.

ಕರಪ್ಟೂ ಇಲ್ಲ, ಏನೂ ಇಲ್ಲ. ಅವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದವು. ಅದು ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಈಗಿನ ಪದ್ಧತಿಯದ್ದಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುವುದು ಫಾಂಟು. ಫಾಂಟ್ ಇರುವುದು ವಿಂಡೋಸ್ ಫೋಲ್ಡರಿನಲ್ಲಿ, ನಿಮ್ಮವರು ತಂದಿದ್ದು ಡಾಕ್ಯುಮೆಂಟ್ಸ್ ಮಾತ್ರ. ನಾನೇ ನುಡಿ ಹಾಕಿಕೊಂಡೆ, ಹತ್ತು ನಿಮಿಷದಲ್ಲಿ ಅಕ್ಷರ ಬಂತು. ಮಂಡ್ಯದಲ್ಲಿ ಅಂಗಡಿ ಇಟ್ಟು ನುಡಿ ಫೈಲ್ ಕಂಡರೆ ಕರಪ್ಟ್ ಅನ್ನುವವರಿಗೆ ಏನು ಹೇಳುವುದು!

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಸರಿಮಾಡಲು ಹೋಗಿ ನಿಮ್ಮವರು ನಲವತ್ತಕ್ಕೂ ಹೆಚ್ಚು ಫೈಲುಗಳಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ತುಂಗಾ ಎಂಬ ಯೂನಿಕೋಡ್ ಫಾಂಟಿಗೆ ಬದಲಿಸಿ, ಮೇಲಿಂದ ಸೇವ್ ಕೂಡ ಮಾಡಿದ್ದಾರೆ. ನನ್ನ ಕರಡುಗಳಲ್ಲಿ ಕನ್ನಡದ ಭಾಗ ನುಡಿ ಫಾಂಟಿನಲ್ಲಿರುತ್ತದೆ, ಪ್ಯಾನ್ ನಂಬರು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು ಇಂಗ್ಲಿಷ್ ಫಾಂಟಿನಲ್ಲಿ. ಈಗ ಯಾವುದು ಯಾವುದೆಂಬ ಗುರುತೇ ಅಳಿಸಿಹೋಗಿದೆ. ಪೂರ್ತಿ ನುಡಿಗೆ ತಂದರೆ ಪ್ಯಾನ್ ನಂಬರಿನ ಅಕ್ಷರಗಳೂ ಕನ್ನಡದ ಕಲಸುಮೇಲೋಗರ ಆಗುತ್ತವೆ. ನಿನ್ನೆ ಒಂದು ಕ್ರಯಪತ್ರದಲ್ಲಿ ಇವನ್ನು ಒಂದೊಂದಾಗಿ ಹುಡುಕಿ ತಿದ್ದಲು ಎರಡು ಗಂಟೆ ಹಿಡಿಯಿತು. ಕೋಡಿನಲ್ಲಿ ಒಂದಕ್ಷರ ತಪ್ಪಿದರೆ ಪಾರ್ಟಿ ಬಂದು ಕೇಳುವುದು ನನ್ನನ್ನು, ನಿಮ್ಮನ್ನಲ್ಲ.

ಮಗಳ ನಾಮಕರಣದ ವಿಡಿಯೋ ಕೂಡ ಬಂದಿಲ್ಲ. ಅದು 4 ಜಿಬಿಗಿಂತ ದೊಡ್ಡದು. ಫ್ಯಾಟ್32 ಎಂಬ ಹಳೆ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ. ಹುಡುಗ ಅದನ್ನು ಬಿಟ್ಟು ಮುಂದೆ ಹೋಗಿದ್ದಾನೆ, ನನಗೆ ಹೇಳಿಲ್ಲ.

ಹೀಗಾಗಿ ಅಸಲು ಪ್ರತಿಗಳು ಈಗ ಉಳಿದಿರುವುದು ಹಳೆ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ. ಅದರಲ್ಲಿ ಸುತ್ತಮುತ್ತಲ ಹಳ್ಳಿಯವರ ಆಧಾರ್ ಪ್ರತಿಗಳೂ ಇವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅವನ್ನು ಹೊರತೆಗೆಯಬಹುದು ಎಂಬುದು ನಿಮಗೆ ಗೊತ್ತೇ ಇರುತ್ತದೆ. ಬೇರೆಯವರ ಕೈಗೆ ಅದು ಹೋಗಕೂಡದು.

ಹಾರ್ಡ್‌ಡಿಸ್ಕ್ ಇದ್ದ ಹಾಗೇ ಕೊಡಿ. ಎಕ್ಸ್‌ಚೇಂಜ್ ಬೆಲೆಯಲ್ಲಿ ಡಿಸ್ಕಿನ ಪಾಲು ಕಳೆದುಕೊಳ್ಳಿ, ತಕರಾರಿಲ್ಲ. ವರ್ಗಾವಣೆಗೆ ತೆಗೆದುಕೊಂಡ 1,200 ಮಾತ್ರ ವಾಪಸ್ ಬರಬೇಕು. ಒಂದು ವಾರ ನೋಡುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಅಲ್ಲಿಗೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗ. ಅರ್ಜಿ ಟೈಪ್ ಮಾಡುವುದು ನನಗೆ ಹೊಸದೇನಲ್ಲ.

ಬಿಲ್ಲು, ಎಕ್ಸ್‌ಚೇಂಜ್ ಚೀಟಿಯ ನಕಲು ಲಗತ್ತಿಸಿದ್ದೇನೆ. ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ನಾನೇ ಮಳಿಗೆಗೆ ಬರುತ್ತೇನೆ. ಡಿಸ್ಕ್ ಬಿಚ್ಚಿಡಲು ಹೇಳಿರಿ.

ಇಂತಿ,
ನಿಮ್ಮ ಗ್ರಾಹಕಿ
ಮಂಡ್ಯ