ಅನುವಾದ ಸಾಕು ಅನ್ನೋರಿಗೆ: ಗ್ರೀಕನ್ನ ಸೊನ್ನೆಯಿಂದ ಕಲಿಸೋಕೆ ಆಗತ್ತೆ, ಕಲಿಸಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ರು ಬರೆದಿದ್ರು, ಅಮೆರಿಕದ ಯೂನಿವರ್ಸಿಟಿಗಳೇ ಹಳೇ ಗ್ರೀಕ್ ಕೈಬಿಡ್ತಾ ಇವೆ, ಪ್ರಿನ್ಸ್‌ಟನ್‌ನಲ್ಲಿ ಗ್ರೀಕ್ ಓದದೇನೇ ಕ್ಲಾಸಿಕ್ಸ್, ಅಂದ್ರೆ ಪ್ರಾಚೀನ ಗ್ರೀಕ್-ರೋಮನ್ ಅಧ್ಯಯನದ ಡಿಗ್ರಿ ತಗೋಬಹುದು, ಹಾಗಿರುವಾಗ ನಮ್ಮ ಯೂನಿವರ್ಸಿಟಿಗಳು ಹಳೇ ಭಾಷೆಗಳಿಗೆ ಯಾಕೆ ದುಡ್ಡು ಸುರೀಬೇಕು, ಅನುವಾದ ಇದೆಯಲ್ಲ ಓದ್ಕೊಂಡ್ರೆ ಆಯ್ತು ಅಂತ. ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ಶಿವಮೊಗ್ಗದ ಕಡೆಯವಳು, ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಪ್ರಾಚೀನ ಗ್ರೀಕ್ ಭಾಷೆ, ಸಾಹಿತ್ಯ ಓದಿದೀನಿ, ಅದೂ ಸೊನ್ನೆಯಿಂದ ಶುರು ಮಾಡಿ. ಆಲ್ಫಾ, ಬೀಟಾ, ಥೀಟಾ ಎಲ್ಲ ಅಲ್ಲೀವರೆಗೂ ಗಣಿತದ ಪುಸ್ತಕದಲ್ಲಿ ನೋಡಿದ್ದಷ್ಟೇ. ಅದಕ್ಕೇ ಈ ವಿಷಯದಲ್ಲಿ ನಂಗೆ ಹೇಳೋದಿದೆ, ಸ್ವಲ್ಪ ಉದ್ದ ಆಗತ್ತೆ, ಜಾಗ ಕೊಡಿ.

ಮೊದಲು ಪ್ರಿನ್ಸ್‌ಟನ್ ವಿಷಯ. 2021ರಲ್ಲಿ ಅವರು ತೆಗೆದಿದ್ದು ಕಡ್ಡಾಯನ, ಪಾಠನ ಅಲ್ಲ. ಗ್ರೀಕ್, ಲ್ಯಾಟಿನ್ ಕ್ಲಾಸ್ ಈಗ್ಲೂ ನಡೀತಿವೆ, ಬೇಕಾದವರು ಕಲೀತಾರೆ. ಶಾಲೆಯಲ್ಲಿ ಈ ಭಾಷೆ ಕಲಿಯೋ ಅವಕಾಶ ಸಿಗದ ಮಕ್ಕಳೂ ಬರಲಿ ಅನ್ನೋದು ಅವರು ಕೊಟ್ಟ ಕಾರಣ. ಆ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ, ಬ್ರಿಟನ್ನಿನಲ್ಲೂ ಗ್ರೀಕ್ ಕಲಿಸೋ ಶಾಲೆಗಳಲ್ಲಿ ಹೆಚ್ಚಿನವು ದೊಡ್ಡ ಫೀಸಿನ ಖಾಸಗಿ ಶಾಲೆಗಳೇ, ಸರ್ಕಾರಿ ಶಾಲೆ ಮಕ್ಕಳಿಗೆ ಸಿಗೋದು ಅಪರೂಪ. ನನ್ನ ತಕರಾರು ಇರೋದು ದಾರಿ ಬಗ್ಗೆ. ಸಿಗದೇ ಇದ್ದೋರಿಗೆ ಭಾಷೆ ಕಲಿಸೋದು ಬಿಟ್ಟು ಭಾಷೆ ಇಲ್ಲದೇನೂ ನಡಿಯತ್ತೆ ಬಾ ಅಂತ ಕರೆದ್ರೆ, ಖಾಸಗಿ ಶಾಲೆಯಿಂದ ಬಂದವನು ಮೂಲ ಓದ್ತಾನೆ, ಉಳಿದವರು ಅನುವಾದ ಓದ್ತಾರೆ, ಒಂದೇ ಕ್ಲಾಸಲ್ಲಿ ಎರಡು ಪಂಕ್ತಿ ಆಗತ್ತೆ. ಪಂಕ್ತಿಭೇದ ಅಂದ್ರೇನು ಅಂತ ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ.

ಈ ಭಾಷೆಯಿಂದ ದೂರ ಇಟ್ಟಿದ್ದ ಜನ ಏನು ಮಾಡಿದ್ರು ಅಂತ ಸ್ವಲ್ಪ ನೋಡಿ. ವಿಲಿಯಂ ಸ್ಯಾಂಡರ್ಸ್ ಸ್ಕಾರ್‌ಬರೊ ಅಂತ ಒಬ್ರು, 1852ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು, ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧ ಆಗಿದ್ದ ಕಾಲದಲ್ಲಿ ಕದ್ದುಮುಚ್ಚಿ ಓದೋದು ಕಲಿತರು, 1881ರಲ್ಲಿ ಕಾಲೇಜು ಮಕ್ಕಳಿಗೆ ಗ್ರೀಕ್ ಪಠ್ಯಪುಸ್ತಕ ಬರೆದರು, ಮುಂದೆ ವಿಲ್ಬರ್‌ಫೋರ್ಸ್ ಯೂನಿವರ್ಸಿಟಿಯ ಅಧ್ಯಕ್ಷರೇ ಆದರು. ಕಪ್ಪು ಜನರಿಗೆ ಗ್ರೀಕ್ ವ್ಯಾಕರಣ ತಲೆಗೆ ಹತ್ತಲ್ಲ ಅಂತ ದೊಡ್ಡ ದೊಡ್ಡವರು ನಂಬಿದ್ದ ಕಾಲ ಅದು. ಕೇಂಬ್ರಿಡ್ಜ್‌ನಲ್ಲಿ 1887ರಲ್ಲಿ ಅಗ್ನಾಟಾ ರಾಮ್ಸೆ ಅನ್ನೋ ಹುಡುಗಿ ಕ್ಲಾಸಿಕ್ಸ್ ಪರೀಕ್ಷೆಯಲ್ಲಿ ಎಲ್ಲ ಗಂಡಸರನ್ನೂ ಹಿಂದೆ ಹಾಕಿ ಮೊದಲ ದರ್ಜೆಯ ಮೊದಲ ವಿಭಾಗದಲ್ಲಿ ಒಬ್ಬಳೇ ನಿಂತಳು, ಆದರೂ ಡಿಗ್ರಿ ಕೊಡ್ಲಿಲ್ಲ, ಅಲ್ಲಿ ಹೆಂಗಸರಿಗೆ ಪೂರ್ತಿ ಡಿಗ್ರಿ ಸಿಕ್ಕಿದ್ದು 1948ರಲ್ಲಿ. ಇವರ‍್ಯಾರೂ ನಮಗೆ ಸುಲಭ ಮಾಡಿಕೊಡಿ ಅಂತ ಕೇಳ್ಲಿಲ್ಲ. ನಮಗೂ ಅದನ್ನೇ ಕಲಿಸಿ ಅಂದ್ರು. ಅದಕ್ಕೇ ವಾಷಿಂಗ್ಟನ್ನಿನ ಹೋವರ್ಡ್ ಯೂನಿವರ್ಸಿಟಿ, ಕಪ್ಪು ಜನರಿಗಾಗಿ ಕಟ್ಟಿದ ವಿದ್ಯಾಸಂಸ್ಥೆಗಳ ಪೈಕಿ ಕ್ಲಾಸಿಕ್ಸ್ ವಿಭಾಗ ಉಳಿಸಿಕೊಂಡಿದ್ದ ಒಂದೇ ಒಂದು, 2021ರಲ್ಲಿ ಆ ವಿಭಾಗವನ್ನ ಮುಚ್ತೀವಿ ಅಂದಾಗ ವಿದ್ಯಾರ್ಥಿಗಳು ಬೇಡ ಅಂತ ನಿಂತರು. ನೊಬೆಲ್ ಪಡೆದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಇಂಗ್ಲಿಷ್ ಜೊತೆಗೆ ಕ್ಲಾಸಿಕ್ಸ್ ಓದಿದ್ದು ಅಲ್ಲೇ.

ಸರಿ, ಅನುವಾದದಲ್ಲಿ ಏನು ಕಮ್ಮಿ ಅಂತ ಕೇಳ್ತೀರಿ. ನಾನು ಅನುವಾದದ ವಿರೋಧಿ ಅಲ್ಲವೇ ಅಲ್ಲ, ಬಿಎಂಶ್ರೀ ಅವರು ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ನಾಟಕ ಇಟ್ಕೊಂಡು 1929ರಲ್ಲಿ ಅಶ್ವತ್ಥಾಮನ್ ಮಾಡದೇ ಹೋಗಿದ್ರೆ, ಲಂಕೇಶರು ಈಡಿಪಸ್, ಅಂತಿಗೊನೆ ಕನ್ನಡಕ್ಕೆ ತರದೇ ಹೋಗಿದ್ರೆ ನಂಗೆ ಈ ಕಡೆ ತಿರುಗಿ ನೋಡೋ ಆಸೇನೇ ಬರ್ತಿರ್ಲಿಲ್ಲ. ಆದ್ರೆ ಒಂದು ಉದಾಹರಣೆ ಕೊಡ್ತೀನಿ. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹಾಡಿದ ಮಹಾಕಾವ್ಯ ಇಲಿಯಡ್‌ನಲ್ಲಿ 24 ಪುಸ್ತಕ, ಹದಿನೈದು ಸಾವಿರಕ್ಕೂ ಹೆಚ್ಚು ಸಾಲು, ಕೊನೇ ಪುಸ್ತಕದಲ್ಲಿ ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ರಾತ್ರಿ ಹೊತ್ತು ಶತ್ರುಗಳ ಪಾಳಯಕ್ಕೆ ಹೋಗ್ತಾನೆ, ಮಗ ಹೆಕ್ಟರನ ಹೆಣ ಕೇಳೋದಕ್ಕೆ. ಹೆಕ್ಟರನ್ನ ಕೊಂದ ಅಕಿಲೀಸನ ಮೊಣಕಾಲು ಹಿಡಿದು ಅವನ ಕೈಗೆ ಮುತ್ತಿಡ್ತಾನೆ. ಕನ್ನಡದಲ್ಲಿ ನಾವು ಹೇಗೆ ಹೇಳ್ತೀವಿ? ತನ್ನ ಎಷ್ಟೋ ಮಕ್ಕಳನ್ನು ಕೊಂದಿದ್ದ ಆ ಭಯಂಕರ ಕೈಗಳಿಗೆ ಮುತ್ತಿಟ್ಟ. ನಮ್ಮ ವಾಕ್ಯದಲ್ಲಿ ಮಕ್ಕಳ ಸಾವು ಮೊದಲು, ಕೈ ಆಮೇಲೆ, ಮುತ್ತು ಕೊನೆಗೆ. ಗ್ರೀಕಲ್ಲಿ ಇದು ಪೂರ್ತಿ ತಿರುಗುಮುರುಗು. 478ನೇ ಸಾಲು ಮುತ್ತಿಟ್ಟ, ಕೈಗಳಿಗೆ ಅಂತ ಮುಗಿಯತ್ತೆ. ಅಷ್ಟೇ ಕೇಳಿದವನಿಗೆ ಶರಣಾಗತಿ ಮಾತ್ರ ಕಾಣತ್ತೆ. ಮುಂದಿನ ಸಾಲಲ್ಲಿ ಒಂದೊಂದೇ ಬರತ್ತೆ, ಭಯಂಕರ, ಜನರನ್ನ ಕೊಂದ, ಅವು ಇವನ ಎಷ್ಟೋ, ಕೊಂದಿದ್ದವು, ಮತ್ತೆ ಸಾಲಿನ ಕಟ್ಟಕಡೇ ಪದ, ಮಕ್ಕಳನ್ನ. ಯಾರನ್ನ ಕೊಂದಿದ್ದು ಅನ್ನೋದನ್ನ ಹೋಮರ್ ಆ ಕೊನೇ ಉಸಿರಿನವರೆಗೂ ಹಿಡಿದಿಟ್ಟಿದ್ದಾನೆ. ನಮ್ಮ ಮೇಡಂ ಆ ಎರಡು ಸಾಲನ್ನ ಛಂದಸ್ಸಿನ ಲಯದಲ್ಲಿ ಓದಿ ಪುಸ್ತಕ ಕೆಳಗಿಟ್ಟು ಕೂತುಬಿಟ್ರು, ಕ್ಲಾಸಲ್ಲಿ ಯಾರೂ ಮಾತಾಡ್ಲಿಲ್ಲ. ಎಷ್ಟೇ ಒಳ್ಳೇ ಅನುವಾದಕನಾದ್ರೂ ಈ ವರಸೆ ಕನ್ನಡಕ್ಕೆ ತರೋದು ಭಾರೀ ಕಷ್ಟ, ಅದು ಅವನ ತಪ್ಪಲ್ಲ, ನಮ್ಮ ಭಾಷೆಯ ಜಾಯಮಾನ ಬೇರೆ.

ಇನ್ನೊಂದು ಉದಾಹರಣೆ ಸೊಫೋಕ್ಲಿಸನ ಅಂತಿಗೊನೆ ನಾಟಕದ್ದು. ಸತ್ತ ಅಣ್ಣನಿಗೆ ಮಣ್ಣು ಮಾಡಿದ್ದಕ್ಕೆ ಸಾವಿನ ಶಿಕ್ಷೆಗೆ ಗುರಿಯಾದ ಅವಳು, ಗಂಡ ಸತ್ತಿದ್ರೆ, ಮಗು ಸತ್ತಿದ್ರೆ ನಾನು ಹೀಗೆ ರಾಜನ ಮಾತು ಮೀರ್ತಿರ್ಲಿಲ್ಲ, ಇನ್ನೊಬ್ಬ ಗಂಡ ಸಿಗ್ತಿದ್ದ, ಇನ್ನೊಂದು ಮಗು ಆಗ್ತಿತ್ತು, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಇನ್ನೊಬ್ಬ ಅಣ್ಣ ಎಲ್ಲಿಂದ ಬರ್ತಾನೆ ಅಂತಾಳೆ. ಜರ್ಮನ್ ಕವಿ ಗ್ಯೋಟೆಗೆ ಈ ಮಾತು ಎಷ್ಟು ಹಿಡಿಸ್ಲಿಲ್ಲ ಅಂದ್ರೆ ಯಾರಾದ್ರೂ ವಿದ್ವಾಂಸರು ಇದು ಸೊಫೋಕ್ಲಿಸ್ ಬರೆದಿದ್ದಲ್ಲ, ಪ್ರಕ್ಷಿಪ್ತ ಅಂತ ಸಾಧಿಸಿ ತೋರಿಸಬಾರದಾ ಅಂದಿದ್ದ. ಆದ್ರೆ ಅರಿಸ್ಟಾಟಲ್ ಭಾಷಣಕಲೆ ಬಗೆಗಿನ ತನ್ನ ರೆಟರಿಕ್‌ನಲ್ಲಿ ಇದೇ ಮಾತಿನ ಎರಡು ಸಾಲನ್ನ ಎತ್ತಿ ಹೇಳಿದಾನೆ, ಅಂದ್ರೆ ನಾಟಕ ಬಂದು ಸುಮಾರು ನೂರು ವರ್ಷದೊಳಗೆ ಅವನ ಕೈಲಿದ್ದ ಪ್ರತಿಯಲ್ಲಿ ಇದು ಇತ್ತು. ಇತಿಹಾಸಕಾರ ಹೆರೊಡೊಟಸ್ ಕೂಡ ಪರ್ಷಿಯಾದ ಒಬ್ಬ ಹೆಂಗಸಿನ ಬಾಯಲ್ಲಿ ಹೆಚ್ಚುಕಮ್ಮಿ ಇದೇ ವಾದ ಹೇಳಿಸಿದಾನೆ. ಹಾಗಾದ್ರೆ ಯಾರು ಯಾರಿಂದ ತಗೊಂಡ್ರು, ಅಂತಿಗೊನೆ ದುಃಖದಲ್ಲಿ ತರ್ಕ ಹುಡುಕ್ತಿದಾಳಾ ಅಥವಾ ಆಮೇಲೆ ಯಾವನೋ ನಟ ಸೇರಿಸಿದ್ದಾ. ಮೂರನೇ ವರ್ಷದಲ್ಲಿ ಇದೊಂದು ಭಾಗದ ಮೇಲೆ ನಾವು ವಾರಗಟ್ಟಲೆ ಜಗಳ ಆಡಿದೀವಿ, ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇರೋ ಪಾಠಾಂತರ (ಬೇರೆ ಬೇರೆ ಹಸ್ತಪ್ರತಿಗಳ ವ್ಯತ್ಯಾಸ) ನೋಡ್ಕೊಂಡು, ಪದಬಳಕೆ ಸೊಫೋಕ್ಲಿಸನ ಉಳಿದ ನಾಟಕಗಳ ಥರ ಇದೆಯಾ ಅಂತ ಹುಡುಕ್ಕೊಂಡು. ಅವನು ನೂರಕ್ಕೂ ಹೆಚ್ಚು ನಾಟಕ ಬರೆದವನು, ಪೂರ್ತಿಯಾಗಿ ನಮಗೆ ಉಳಿದಿರೋದು 7. ಹೋಲಿಸೋಕೆ ಅಷ್ಟೇ ಇರೋದು. ಪಂಪನ, ರನ್ನನ ಗ್ರಂಥಸಂಪಾದನೆ ಬಗ್ಗೆ ಗೊತ್ತಿರೋರಿಗೆ ಇದು ಯಾವ ಕೆಲಸ ಅಂತ ಅರ್ಥ ಆಗತ್ತೆ. ಅನುವಾದ ಹಿಡಿದು ಕೂತವರಿಗೆ ಈ ಜಗಳದ ಬಾಗಿಲೇ ಕಾಣಲ್ಲ.

ಕಷ್ಟ ಇಲ್ವಾ ಅಂದ್ರೆ ಇದೆ. ಮೊದಲ ವರ್ಷ ದಿನಾ ಕ್ಲಾಸು, ವಾರ ವಾರ ಟೆಸ್ಟು, ಒಂದೊಂದು ಕ್ರಿಯಾಪದಕ್ಕೂ ಆರಾರು ಮೂಲರೂಪ ಬಾಯಿಪಾಠ. ನಮ್ಮ ಪಠ್ಯ ಅಥೆನಾಜೆ, ಅದರ ಮೊದಲ ಪಾಠ ಒಬ್ಬ ರೈತನ ಬಗ್ಗೆ, ಅವನು ಅಥೆನ್ಸಿನವನು ಆದ್ರೆ ಊರಲ್ಲಿಲ್ಲ ಹಳ್ಳೀಲಿರ್ತಾನೆ, ಹೊಲದಲ್ಲಿ ಕಲ್ಲು ಹೊತ್ತು ಹಾಕ್ತಾನೆ, ಆಮೇಲಿನ ಪಾಠದಲ್ಲಿ ಎತ್ತು ನೇಗಿಲು ಬರತ್ತೆ. ಅಲ್ಲಿಂದ ಹಿಡಿದು ಎರಡನೇ ವರ್ಷಕ್ಕೆ ಪ್ಲೇಟೊ, ಹೋಮರ್ ನಿಧಾನವಾಗಿ ಮೂಲದಲ್ಲೇ ಓದೋಕೆ ಬರತ್ತೆ, ಒಂದು ತಾಸಿಗೆ ಇಪ್ಪತ್ತು ಸಾಲು ಆದ್ರೆ ಹೆಚ್ಚು. ಇದೇನೂ ಪವಾಡ ಅಲ್ಲ, ಆಕ್ಸ್‌ಫರ್ಡ್‌ನಲ್ಲೂ ಕೇಂಬ್ರಿಡ್ಜ್‌ನಲ್ಲೂ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಓದದವರಿಗೆ ಅಂತಲೇ ಕೋರ್ಸ್ ಇವೆ, ನಾಲ್ಕು ವರ್ಷದ್ದು, ಅಲ್ಲಿಂದ ಬಂದವರು ಒಳ್ಳೊಳ್ಳೇ ವಿದ್ವಾಂಸರಾಗಿದಾರೆ.

ಮತ್ತೆ ಒಂದು ವಿಷಯ ನಮ್ಮ ಮಕ್ಕಳಿಗೆ ಗೊತ್ತಾಗ್ಲಿ ಅಂತ ಬರೀತಿದೀನಿ, ನಮಗೆ ಇದರಲ್ಲಿ ಅನುಕೂಲ ಇದೆ. ನನ್ನ ಇಂಗ್ಲಿಷ್ ಸಹಪಾಠಿಗಳು ವಿಭಕ್ತಿ ಅಂದ್ರೇನು ಅಂತ ಅರ್ಥ ಮಾಡ್ಕೊಳೋಕೆ ತಿಂಗಳುಗಟ್ಟಲೆ ಒದ್ದಾಡಿದ್ರು, ಪದದ ಕೊನೆ ನೋಡಿ ಕರ್ತೃ ಯಾರು ಕರ್ಮ ಯಾವುದು ಹೇಳಬೇಕು ಅನ್ನೋದೇ ಅವರಿಗೆ ಹೊಸದು. ನಮಗೆ ಅದು ಪ್ರೈಮರಿ ಸ್ಕೂಲಿನ ಪಾಠ. ಹೈಸ್ಕೂಲಲ್ಲೋ ಪಿಯುಸಿಯಲ್ಲೋ ಸಂಸ್ಕೃತ ತಗೊಂಡಿದ್ರಂತೂ ಇನ್ನೂ ಅನುಕೂಲ, ದ್ವಿವಚನ ಗೊತ್ತು, ಆತ್ಮನೇಪದ ಗೊತ್ತು, ಭೂತಕಾಲಕ್ಕೆ ಪದದ ಶುರುವಿಗೆ ಅ ಸೇರಿಸೋದು ಗೊತ್ತು, ಗ್ರೀಕಲ್ಲಿ ಅದು ಎ ಆಗತ್ತೆ ಅಷ್ಟೇ. ಸಂಸ್ಕೃತದ ದದಾಮಿ (ಕೊಡ್ತೀನಿ) ಅಲ್ಲಿ ದಿದೋಮಿ, ಅಸ್ತಿ (ಇದೆ) ಅಲ್ಲಿ ಎಸ್ತಿ.

ಕನ್ನಡಕ್ಕೆ ಇದರಿಂದ ಏನು ಅಂತ ಕೇಳೋರಿಗೂ ಉತ್ತರ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಗ್ರೆನ್‌ಫೆಲ್, ಹಂಟ್ ಅನ್ನೋ ಇಬ್ಬರು ಅಗೆದು ತೆಗೆದ ಹಳೇ ಜೊಂಡಿನ ಹಾಳೆ, ಅಂದ್ರೆ ಪಪೈರಸ್‌ಗಳ ಪೈಕಿ 413ನೇದು ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯ್ತು. ಖಾರಿಟಿಯಾನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಒಬ್ಬ ರಾಜನ ಕೈಗೆ ಸಿಕ್ಕಿರ್ತಾಳೆ, ಅಣ್ಣ ಬಂದು ರಾಜನಿಗೂ ಅವನ ಜನಕ್ಕೂ ಮದ್ಯ ಕುಡಿಸಿ ತಂಗೀನ ಹಡಗಲ್ಲಿ ಕರ್ಕೊಂಡು ಹೋಗ್ತಾನೆ. ಆ ರಾಜ, ಅವನ ಜನ ಆಡೋ ಮಾತಲ್ಲಿ ಗ್ರೀಕ್ ಅಲ್ಲದ ಭಾಗ ಇದೆ, ಅದು ಕನ್ನಡ ಅಂತ 1904ರಲ್ಲಿ ಹುಲ್ಟ್ಸ್ ಅನ್ನೋ ಜರ್ಮನ್ ವಿದ್ವಾಂಸರು ಹೇಳಿದ್ರು, ಅರ್ಥಶಾಸ್ತ್ರವನ್ನ ಬೆಳಕಿಗೆ ತಂದ ನಮ್ಮ ಶಾಮಶಾಸ್ತ್ರಿಗಳು ಅದನ್ನ ಮುಂದುವರಿಸಿದ್ರು, 1926ರಲ್ಲಿ ಬಾರ್ನೆಟ್ ಅನ್ನೋರು ಇದು ಕನ್ನಡ ಅನ್ನೋದಕ್ಕೆ ಆಧಾರ ಸಾಲದು ಅಂದ್ರು. ನಮ್ಮಲ್ಲಿ ಭಾಷಣಗಳಲ್ಲಿ ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಅಂತ ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಅದು ಹೌದಾ ಅಲ್ವಾ ಅಂತ ತೀರ್ಮಾನ ಮಾಡಬೇಕಾದ್ರೆ ಆ ಮಾತಿನ ಅಕ್ಕಪಕ್ಕದ ಗ್ರೀಕ್ ಸಂಭಾಷಣೆ ಓದೋಕೆ ಬರಬೇಕು, ಜೊತೆಗೆ ಹಳಗನ್ನಡ ಶಾಸನಗಳ ಭಾಷೆನೂ ಗೊತ್ತಿರಬೇಕು. ಎರಡೂ ಬಲ್ಲ ಒಬ್ಬ ವಿದ್ಯಾರ್ಥೀನ ನಮ್ಮ ಯಾವ ಯೂನಿವರ್ಸಿಟಿ ತಯಾರು ಮಾಡ್ತಿದೆ ಹೇಳಿ. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ 2008ರಲ್ಲೇ ಸಿಕ್ಕಿದೆ, ಶಾಸ್ತ್ರೀಯ ಭಾಷೆ ಅಧ್ಯಯನ ಅಂದ್ರೆ ಇಂಥದ್ದಲ್ಲದೆ ಮತ್ತೇನು.

ನಾನು ದೊಡ್ಡ ವಿಭಾಗ ಕಟ್ಟಿ ಅಂತ ಕೇಳ್ತಿಲ್ಲ. ಮೈಸೂರಲ್ಲೋ ಧಾರವಾಡದಲ್ಲೋ ಹಂಪಿಯಲ್ಲೋ ಕನ್ನಡ ಎಂಎ ಮಾಡೋರಿಗೆ ಎರಡು ವರ್ಷದ ಒಂದು ಐಚ್ಛಿಕ ಪೇಪರ್, ಒಬ್ಬ ಮೇಷ್ಟ್ರು, ಅಷ್ಟು ಸಾಕು ಶುರುವಿಗೆ. ಮೇಷ್ಟ್ರು ಎಲ್ಲಿಂದ ಅಂದ್ರೆ ಬೆಂಗಳೂರು, ಮಂಗಳೂರಿನ ಥಿಯಾಲಜಿ ಕಾಲೇಜುಗಳಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಗೋಸ್ಕರ ಗ್ರೀಕ್ ಕಲಿಸೋರು ಇದ್ದೇ ಇದಾರೆ, ಅದು ಸ್ವಲ್ಪ ಈಚಿನ ಕಾಲದ ಗ್ರೀಕ್ ಆದ್ರೂ ವ್ಯಾಕರಣದ ಅಡಿಪಾಯ ಅದೇ. ಪುಸ್ತಕಕ್ಕೂ ದುಡ್ಡು ಬೇಡ, ಟಫ್ಟ್ಸ್ ಯೂನಿವರ್ಸಿಟಿಯ ಪರ್ಸಿಯಸ್ ಲೈಬ್ರರಿಯಲ್ಲಿ ಹೋಮರ್‌ನಿಂದ ಹಿಡಿದು ಮುಖ್ಯವಾದ ಮೂಲಗಳೂ ನಿಘಂಟೂ ಪುಕ್ಕಟೆ ಸಿಗ್ತವೆ, ಪದ ಒತ್ತಿದ್ರೆ ವಿಭಕ್ತಿ, ವಚನ, ಕಾಲ ಎಲ್ಲ ಬರತ್ತೆ, ಮೊಬೈಲಲ್ಲೇ ಓದಬಹುದು. ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳಿಗೆ ಅನುವಾದ ಸಾಕು ಅಂತ ನಾವೇ ತೀರ್ಮಾನ ಮಾಡೋದು ನಂಗೆ ತುಂಬಾ ಸಂಕಟ ಕೊಡತ್ತೆ.

ಯಾವುದಾದ್ರೂ ಯೂನಿವರ್ಸಿಟಿಯ ಕನ್ನಡ ವಿಭಾಗದವರು ಇದನ್ನ ಓದಿ ಮುಂದೆ ಬಂದ್ರೆ, ಮೊದಲ ವರ್ಷದ ಪಾಠನ ಭಾರತದ ಸಂಜೆ ಹೊತ್ತಿಗೆ ಆನ್‌ಲೈನ್‌ನಲ್ಲಿ ನಾನೇ ಮಾಡ್ತೀನಿ, ಸಂಬಳ ಬೇಡ. ನನ್ನ ವಿಳಾಸ ನಿಮ್ಮ ಕಚೇರಿಗೆ ಕಳಿಸಿರೋ ಈಮೇಲ್‌ನಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಮೂಲ ಶಿವಮೊಗ್ಗ ಜಿಲ್ಲೆ, ಈಗ ಇಂಗ್ಲೆಂಡ್