ಬಬಲ್ ಈವೆಂಟ್: ಮಾದರಿ ಕೋಡ್‌ಗೆ ತಿದ್ದುಪಡಿ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಮೈಕ್ರೋಸಾಫ್ಟ್‌ನ ವೆಬ್ ತಂತ್ರಜ್ಞಾನವಾದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನ ಕಸ್ಟಮ್ ಸರ್ವರ್ ಕಂಟ್ರೋಲ್‌ಗಳ (ವೆಬ್ ಪುಟಕ್ಕಾಗಿ ನಾವೇ ಬರೆದುಕೊಳ್ಳುವ ಘಟಕಗಳ) ಕುರಿತು ಪ್ರಕಟವಾದ ಬರಹ ಒಟ್ಟಾರೆ ಉಪಯುಕ್ತವಾಗಿದೆ. ಆದರೆ ಅಲ್ಲಿನ ಮಾದರಿ ಕೋಡ್‌ನಲ್ಲಿ ಒಳಗಿನ ಕಂಟ್ರೋಲ್‌ನಿಂದ ಮೇಲೇರಿ ಬಂದ ಈವೆಂಟನ್ನು (ಬಟನ್ ಒತ್ತಿದಂಥ ಘಟನೆಯ ಸೂಚನೆಯನ್ನು) ಸ್ವೀಕರಿಸುವ ಆನ್‌ಬಬಲ್‌ಈವೆಂಟ್ ಮೆಥಡ್ ಯಾವ ಷರತ್ತೂ ಇಲ್ಲದೆ ಟ್ರೂ ಎಂದು ಹಿಂದಿರುಗಿಸುತ್ತದೆ. ಅದನ್ನು ಹಾಗೆಯೇ ನಕಲು ಮಾಡಿಕೊಂಡವರಿಗೆ ತೊಂದರೆ ತಪ್ಪಿದ್ದಲ್ಲ.

ಬಟನ್, ಲಿಂಕ್‌ಬಟನ್ ಮತ್ತು ಇಮೇಜ್‌ಬಟನ್‌ಗಳು ತಮ್ಮ ಕಮಾಂಡ್ ಈವೆಂಟನ್ನು ರೈಸ್‌ಬಬಲ್‌ಈವೆಂಟ್ ಮೂಲಕ ಮೇಲಿನ, ಅಂದರೆ ತಮ್ಮನ್ನು ಒಳಗೊಂಡ, ಕಂಟ್ರೋಲ್‌ಗೆ ಕಳುಹಿಸುತ್ತವೆ. ಮೇಲಿನದು ಫಾಲ್ಸ್ ಎಂದರೆ ಈವೆಂಟ್ ಅದಕ್ಕೂ ಮೇಲಕ್ಕೆ ಸಾಗುತ್ತದೆ, ಟ್ರೂ ಎಂದರೆ ಅಲ್ಲಿಗೇ ನಿಲ್ಲುತ್ತದೆ. ಮಾಹಿತಿಯನ್ನು ಸಾಲುಸಾಲಾಗಿ ತೋರಿಸುವ ರಿಪೀಟರ್ ಕಂಟ್ರೋಲ್‌ನ ಪ್ರತಿ ಸಾಲಿನಲ್ಲಿ ನಾವೇ ಬರೆದ ಕಂಟ್ರೋಲ್ ಒಂದಿದ್ದು, ಅದರೊಳಗೆ ‘ಉಳಿಸು’ ಮತ್ತು ‘ಅಳಿಸು’ ಎಂಬ ಎರಡು ಬಟನ್‌ಗಳಿವೆ ಎಂದುಕೊಳ್ಳೋಣ. ಉಳಿಸುವ ಕೆಲಸ ನಮ್ಮ ಕಂಟ್ರೋಲ್‌ನದು, ಅಳಿಸುವ ಕೆಲಸ ರಿಪೀಟರ್‌ನ ಐಟಂಕಮಾಂಡ್ ಈವೆಂಟ್‌ಗೆ ಬರೆದ ಕೋಡ್‌ನದು. ತಮ್ಮ ಮಾದರಿಯಂತೆ ಬರೆದರೆ ‘ಅಳಿಸು’ ಒತ್ತಿದಾಗ ಪುಟ ಸರ್ವರ್‌ಗೆ ಹೋಗಿ ಬರುತ್ತದೆ, ದೋಷದ ಸಂದೇಶವೂ ಕಾಣುವುದಿಲ್ಲ, ಐಟಂಕಮಾಂಡ್‌ನಲ್ಲಿ ಇಟ್ಟ ಬ್ರೇಕ್‌ಪಾಯಿಂಟ್ (ಪರೀಕ್ಷೆಗಾಗಿ ಕೋಡನ್ನು ತಡೆದು ನಿಲ್ಲಿಸುವ ಗುರುತು) ಮಾತ್ರ ತಾಕುವುದೇ ಇಲ್ಲ. ಕಣ್ಣಿಗೆ ಕಾಣದ ಇಂಥ ದೋಷವನ್ನು ಹುಡುಕುವುದಕ್ಕಿಂತ ಎರರ್ ಪುಟವೇ ಬಂದಿದ್ದರೆ ವಾಸಿ ಎನಿಸುತ್ತದೆ!

ರಿಪೀಟರ್‌ನ ಒಂದೊಂದು ಸಾಲನ್ನು ಪ್ರತಿನಿಧಿಸುವ ರಿಪೀಟರ್‌ಐಟಂ ಕೂಡ ಟ್ರೂ ಎನ್ನುತ್ತದಲ್ಲ ಎಂದು ಕೆಲವರು ವಾದಿಸಬಹುದು. ನಿಜ, ಆದರೆ ಅದು ಬಂದ ಕಮಾಂಡನ್ನು ರಿಪೀಟರ್‌ಕಮಾಂಡ್‌ಈವೆಂಟ್‌ಆರ್ಗ್ಸ್ ಎಂಬ ಹೊಸ ವಸ್ತುವಿನೊಳಗೆ ಇಟ್ಟು, ಯಾವ ಸಾಲಿನಿಂದ ಬಂತೆಂಬ ಮಾಹಿತಿಯನ್ನೂ ಸೇರಿಸಿ, ತಾನೇ ಮತ್ತೆ ಮೇಲಕ್ಕೆ ಕಳುಹಿಸಿದ ನಂತರವಷ್ಟೇ ಹಳೆಯದನ್ನು ನಿಲ್ಲಿಸುತ್ತದೆ. ಕಮಾಂಡ್ ಅಲ್ಲದ ಈವೆಂಟ್ ಬಂದರೆ ಫಾಲ್ಸ್ ಎಂದೇ ಹೇಳುತ್ತದೆ.

ಎಲ್ಲ ಈವೆಂಟ್‌ಗಳೂ ತಾವಾಗಿ ಮೇಲೇರುತ್ತವೆ ಎಂಬ ಭಾವನೆಯನ್ನೂ ಬರಹ ಮೂಡಿಸುತ್ತದೆ. ಟೆಕ್ಸ್ಟ್‌ಬಾಕ್ಸ್‌ನ ಟೆಕ್ಸ್ಟ್‌ಚೇಂಜ್ಡ್ ಈವೆಂಟ್ ಹಾಗೆ ಏರುವುದಿಲ್ಲ. ಅದಕ್ಕೆ ಒಳಗಿನ ಕಂಟ್ರೋಲ್‌ಗಳನ್ನು ರಚಿಸುವ ಕ್ರಿಯೇಟ್‌ಚೈಲ್ಡ್‌ಕಂಟ್ರೋಲ್ಸ್ ಮೆಥಡ್‌ನಲ್ಲೇ ಹ್ಯಾಂಡ್ಲರ್ (ಈವೆಂಟ್‌ಗೆ ಸ್ಪಂದಿಸುವ ಕೋಡ್) ಜೋಡಿಸಿ, ಅಲ್ಲಿಂದ ನಮ್ಮ ಕಂಟ್ರೋಲ್‌ನದೇ ಆದ ಈವೆಂಟನ್ನು ಹೊರಡಿಸಬೇಕು. ಪುಟ ಸರ್ವರ್‌ಗೆ ಮರಳಿ ಹೋಗುವ ಪೋಸ್ಟ್‌ಬ್ಯಾಕ್‌ನಲ್ಲಿ ಒಳಗಿನ ಕಂಟ್ರೋಲ್‌ಗಳು ಅದೇ ಐಡಿಯೊಂದಿಗೆ ಮರುಹುಟ್ಟು ಪಡೆಯದಿದ್ದರೆ ಈವೆಂಟ್ ಹುಟ್ಟುವುದೇ ಇಲ್ಲವೆಂಬುದೂ ಗಮನಾರ್ಹ. 2005ರ 2.0 ಆವೃತ್ತಿಯಲ್ಲಿ ಬಂದ ಕಾಂಪೋಸಿಟ್‌ಕಂಟ್ರೋಲ್ ಎಂಬ ಮೂಲ ಕ್ಲಾಸ್ ಈ ಹೊರೆಯನ್ನು ಒಂದಷ್ಟು ಇಳಿಸುತ್ತದೆ.

ಹೊಸ ಪೀಳಿಗೆಯ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ವೆಬ್ ಫಾರ್ಮ್ಸ್ ಇಲ್ಲದಿರುವುದರಿಂದ ಇದು ಹಳೆಯ ವಿಷಯವೆಂದು ತಳ್ಳಿಹಾಕುವವರೂ ಇದ್ದಾರೆ. ಹಳೆಯ ಕೋಡನ್ನು ನೋಡಿಕೊಳ್ಳುವ ಹೊಣೆ ಹೊತ್ತವರಿಗೆ ಆ ಮಾತಿನಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಕಮಾಂಡ್‌ನೇಮ್ (ಬಟನ್‌ಗೆ ಕೊಟ್ಟ ಕಮಾಂಡ್‌ನ ಹೆಸರು) ಕಂಟ್ರೋಲ್‌ಗೆ ಗೊತ್ತಿರುವುದಾಗಿದ್ದು, ಅದರ ಕೆಲಸ ಮುಗಿಸಿದಾಗ ಮಾತ್ರ ಟ್ರೂ ಹಿಂದಿರುಗಿಸಿ, ಉಳಿದೆಲ್ಲ ಸಂದರ್ಭಗಳಲ್ಲಿ ಫಾಲ್ಸ್ ಹಿಂದಿರುಗಿಸುವಂತೆ ಆ ಮಾದರಿಯನ್ನು ತಿದ್ದಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ