ಸಿಕ್ಕಿದ ದುಡ್ಡು, ಕದ್ದ ಗೋಟು

ಮಾನ್ಯರೇ,

ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಚಿಕ್ಕ ಹೋಟೆಲ್. ಹೋದ ವಾರ ಬೆಂಚಿನ ಕೆಳಗೆ ಒಂದು ಕವರ್ ಸಿಕ್ಕಿತು. ಒಳಗೆ 8,500 ರೂಪಾಯಿ, ಜೊತೆಗೆ ಅಡಿಕೆ ಮಂಡಿಯ ಚೀಟಿ. ಟೀ ಕುಡಿಯುತ್ತಿದ್ದ ನಾಲ್ಕು ಜನ, "ಅದೃಷ್ಟ ಕಣ್ರೀ, ಸುಮ್ನೆ ಇಟ್ಕೊಳ್ಳಿ" ಎಂದರು. ನಿಜ ಹೇಳುತ್ತೇನೆ, ಗ್ಯಾಸ್ ತರಿಸಲು ಕೈಯಲ್ಲಿ ಕಾಸಿರಲಿಲ್ಲ, ಒಂದು ಗಳಿಗೆ ನನಗೂ ಆಸೆಯಾಯಿತು. ಆದರೆ ಚೀಟಿಯಲ್ಲಿ ಹೆಸರಿತ್ತು. ಮಂಡಿಗೆ ಫೋನ್ ಮಾಡಿದೆ. ಸಂಜೆ ಆಗುಂಬೆ ಕಡೆಯ ಅಜ್ಜ ಒಬ್ಬರು ಬಂದರು. ಅಡಿಕೆ ಕೊನೆ (ಗೊನೆ) ಕೊಯ್ದವರಿಗೆ ಕೊಡಬೇಕಾದ ಕೂಲಿಯಂತೆ. ಎರಡು ಸಲ ಎಣಿಸಿ, ಮಾತಾಡದೆ ಅಲ್ಲೇ ಕೂತುಬಿಟ್ಟರು.

ನನಗೆ ನೋವಾದದ್ದು ಬೇರೆ. ಹಿಂದಿನ ತಿಂಗಳು ಅಂಗಳದಿಂದ ಎರಡು ಕೆಜಿ ಗೋಟಡಿಕೆ (ಹಣ್ಣಾದ ಮೇಲೆ ಒಣಗಿಸಿದ ಅಡಿಕೆ) ಕದ್ದ ಕೂಲಿಯವನನ್ನು ಕಂಬಕ್ಕೆ ಕಟ್ಟಬೇಕು ಎಂದವರೂ ಇದೇ ನಾಲ್ವರು. ಇದು ಯಾವ ನ್ಯಾಯ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ, 5,000 ರೂಪಾಯಿಗಿಂತ ಕಡಿಮೆಯ ಮೊದಲ ಕಳ್ಳತನವಾಗಿದ್ದು, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ಯಾರದೆಂದು ಗೊತ್ತಿದ್ದೂ ಸಿಕ್ಕಿದ ಹಣ ನುಂಗಿದರೆ 314ನೇ ಕಲಂನಡಿ ಕನಿಷ್ಠ 6 ತಿಂಗಳು ಜೈಲು.

ಅವನು ಗೋಟು ವಾಪಸ್ ಕೊಟ್ಟಿದ್ದಾನೆ. ಈಗ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ದಯವಿಟ್ಟು ಕರೆಯಿರಿ.

– ಒಬ್ಬ ಹೋಟೆಲಿನವ, ತೀರ್ಥಹಳ್ಳಿ